ಹೆದರಿಕೆ ಹೋದದ್ದು ಹೇಗೆ?

2020ರ ಲಾಕ್‌ಡೌನಿನಲ್ಲಿ ದೂರದರ್ಶನ ‘ಶಕ್ತಿಮಾನ್’ ಧಾರಾವಾಹಿಯನ್ನು ಮತ್ತೆ ಹಾಕಿದಾಗ ನನ್ನ ವಯಸ್ಸಿನ ಅನೇಕರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರು. 1997ರಲ್ಲಿ ತಮರಾಜ್ ಕಿಲ್ವಿಷ್ ತೆರೆಯ ಮೇಲೆ ಬಂದರೆ ನಮಗೆ ಮೈ ಜುಮ್ಮೆನ್ನುತ್ತಿತ್ತು. ಈಗಿನ ಮಕ್ಕಳಿಗೆ ನಗು ಬಂತು. ಗ್ರಾಫಿಕ್ಸ್ ಹಳೆಯದಾಯಿತು ಎಂದು ಸುಮ್ಮನಾಗಬಹುದಿತ್ತು. ಆದರೆ ನೆನಪಿಸಿಕೊಂಡರೆ, ಆ ಧಾರಾವಾಹಿ 2005ರಲ್ಲಿ ಮುಗಿಯುವ ಎಷ್ಟೋ ಮೊದಲೇ ನಮ್ಮ ಹೆದರಿಕೆಯೂ ಹೋಗಿತ್ತು. ವಾರವಾರವೂ ಒಬ್ಬ ಅನುಚರನನ್ನು ಕಳಿಸಿ ವಾರವಾರವೂ ಸೋಲುವವನಿಗೆ ಎಷ್ಟು ದಿನ ಹೆದರಲಾಗುತ್ತದೆ?

ಇದು ನಮ್ಮ ದೂರದರ್ಶನದ ಬಡತನದಿಂದ ಆದದ್ದಲ್ಲ. ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯಲ್ಲಿ ಡಾಲೆಕ್ ಎಂಬ ಯಂತ್ರಜೀವಿಗಳು ಮೊದಲು ಬಂದದ್ದು 1963ರ ಡಿಸೆಂಬರಿನಲ್ಲಿ. ಮೊದಲ ಕಂತಿನ ಕೊನೆಗೆ ಕಂಡದ್ದು ಅದರ ಒಂದು ತೋಳು ಮತ್ತು ಅದನ್ನು ನೋಡಿ ಕಿರುಚುವ ಹೆಂಗಸು, ಅಷ್ಟೇ. ವರ್ಷಗಳು ಕಳೆದಂತೆ, ಮೆಟ್ಟಿಲು ಹತ್ತಲಾಗದ ಡಬ್ಬಿಗಳೆಂದು ಜನ ಅವನ್ನು ತಮಾಷೆ ಮಾಡತೊಡಗಿದರು. 2005ರಲ್ಲಿ ಸರಣಿ ಮತ್ತೆ ಶುರುವಾದಾಗ ನೆಲಮಾಳಿಗೆಯಲ್ಲಿ ಸರಪಳಿ ಬಿಗಿದ ಒಂದೇ ಒಂದು ಡಾಲೆಕ್ ಆ ಭಯವನ್ನು ವಾಪಸು ತಂದಿತು. ಅದೇ ಸೀಸನ್ನಿನ ಕೊನೆಯ ಕಂತಿಗೆ ಅವು ಲಕ್ಷಗಟ್ಟಲೆ ಬಂದವು. ನನಗಂತೂ ಆ ಒಂದರ ಮುಂದೆ ಈ ಲಕ್ಷ ಸಪ್ಪೆ ಅನ್ನಿಸಿತು.

ಮತ್ತೆ ಮತ್ತೆ ನೋಡುವುದರಿಂದಲೇ ಭಯ ಸವೆಯುತ್ತದೆ ಎಂದರೆ ಅದೂ ಪೂರ್ತಿ ಸರಿಯಲ್ಲ. ಕಾಸರಗೋಡು, ದಕ್ಷಿಣ ಕನ್ನಡದ ಕಡೆಯವರು ‘ದೇವೀ ಮಹಾತ್ಮೆ’ ಯಕ್ಷಗಾನವನ್ನು ವರ್ಷವರ್ಷವೂ ನೋಡುತ್ತಾರೆ. ಮಹಿಷಾಸುರ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೂ ಅವನು ದೊಂದಿಯ ಬೆಳಕಿನಲ್ಲಿ ಸಭೆಯ ಹಿಂದಿನಿಂದ ಆರ್ಭಟಿಸುತ್ತ ಬಂದಾಗ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಪ್ರಸಂಗ ಅವನನ್ನು ಮುಂದಿನ ವಾರಕ್ಕೆಂದು ಉಳಿಸಿಟ್ಟುಕೊಳ್ಳುವುದಿಲ್ಲ. ಬಂದ, ಮೆರೆದ, ಬೆಳಗಾಗುವುದರೊಳಗೆ ಮುಗಿದ. ಟೀವಿಯ ಖಳನಿಗೆ ಗೆಲ್ಲುವ ಹಾಗೂ ಇಲ್ಲ, ಸಾಯುವ ಹಾಗೂ ಇಲ್ಲ. ಕಾಂಟ್ರ್ಯಾಕ್ಟ್ ನವೀಕರಣವಾಗುತ್ತಲೇ ಇರುವ ನೌಕರನ ಸ್ಥಿತಿ ಅವನದು.

ಆದರೆ ಭಯ ಕಡಿಮೆಯಾಗಲು ಇನ್ನೊಂದು ದಾರಿಯೂ ಇದೆ. ಅದನ್ನು ಚೆನ್ನಾಗಿ ತೋರಿಸಿದ್ದು ‘ಸ್ಟಾರ್ ಟ್ರೆಕ್’ನ ಬೋರ್ಗ್‌ಗಳು. 1989ರಲ್ಲಿ ಬಂದ ಈ ಅರೆಯಂತ್ರ ಜನಾಂಗಕ್ಕೆ ಹೆಸರಿಲ್ಲ, ಸಿಟ್ಟಿಲ್ಲ, ಮಾತುಕತೆ ಬೇಕಿಲ್ಲ. ಸಿಕ್ಕವರನ್ನೆಲ್ಲ ತನ್ನೊಳಗೆ ಸೇರಿಸಿಕೊಳ್ಳುತ್ತ ಹೋಗುತ್ತದೆ. 1990ರಲ್ಲಿ ಅದು ನಾಯಕ ಪಿಕಾರ್ಡ್‌ನನ್ನೇ ಬೋರ್ಗ್ ಮಾಡಿ, ಅವನಿಂದಲೇ ಅವನ ಜನರ 39 ಹಡಗುಗಳನ್ನು ನಾಶ ಮಾಡಿಸಿತು. ಮುಂದೆ ‘ವಾಯೇಜರ್’ ಸರಣಿಯಲ್ಲಿ ಒಂಟಿ ಹಡಗೊಂದು ಇದೇ ಬೋರ್ಗ್‌ಗಳಿಂದ ಮತ್ತೆ ಮತ್ತೆ ಪಾರಾಗಿ, ಅವರು ಕಿಲ್ವಿಷ್‌ನ ಸಾಲಿಗೆ ಸೇರಿದರು. ಇದು ಸವೆತ.

ಇವೆರಡರ ನಡುವೆ, 1992ರ ಒಂದು ಕಂತಿನಲ್ಲಿ ಗಾಯಗೊಂಡ ಒಬ್ಬ ಬೋರ್ಗ್ ತರುಣ ಸೆರೆಸಿಗುತ್ತಾನೆ. ಅವನೊಳಗೆ ವಿನಾಶಕಾರಿ ಪ್ರೋಗ್ರಾಮ್ ತುಂಬಿ ವಾಪಸು ಕಳಿಸಿದರೆ ಇಡೀ ಜನಾಂಗವೇ ನಾಶವಾದೀತು ಎಂಬುದು ಪಿಕಾರ್ಡ್‌ನ ಯೋಜನೆ. ಅಷ್ಟರಲ್ಲಿ ಹಡಗಿನವರು ಅವನಿಗೊಂದು ಹೆಸರಿಡುತ್ತಾರೆ, ಅವನು ‘ನಾನು’ ಎನ್ನಲು ಕಲಿಯುತ್ತಾನೆ. ಬೋರ್ಗ್‌ಗಳಿಂದ ಅತಿ ಹೆಚ್ಚು ನೊಂದ ಪಿಕಾರ್ಡ್‌ನೇ ಕೊನೆಗೆ ಯೋಜನೆಯನ್ನು ಕೈಬಿಡುತ್ತಾನೆ. ಮರುವರ್ಷ ಮೇಲಧಿಕಾರಿಯಿಂದ ಅದಕ್ಕಾಗಿ ಬೈಸಿಕೊಳ್ಳುತ್ತಾನೆ. ಇಲ್ಲಿಯೂ ಖಳನ ಭಯ ತಗ್ಗಿತು, ಆದರೆ ಪರಿಚಯದಿಂದ.

ಹೊರಗಿನಿಂದ ನೋಡಿದರೆ ಎರಡೂ ಒಂದೇ: ಮೊದಲು ಹೆದರುತ್ತಿದ್ದೆವು, ಈಗಿಲ್ಲ. ನೈತಿಕವಾಗಿ ಎರಡಕ್ಕೂ ಅಜಗಜಾಂತರ. ಸವೆತದಲ್ಲಿ ಅಪಾಯ ಇದ್ದಲ್ಲೇ ಇರುತ್ತದೆ, ನಮ್ಮ ಗಮನ ಮಾತ್ರ ಜಾರಿರುತ್ತದೆ. ಪರಿಚಯದಲ್ಲಿ ಗಮನ ಮೊದಲಿಗಿಂತ ಹೆಚ್ಚಾಗಿರುತ್ತದೆ, ಅದರೊಂದಿಗೆ ಹೊಣೆಯೂ. ಪಿಕಾರ್ಡ್ 39 ಹಡಗುಗಳನ್ನು ಮರೆತು ಆ ನಿರ್ಧಾರ ಮಾಡಲಿಲ್ಲ.

ನಾವು ಊರು ಬಿಟ್ಟು ಬಂದವರು ಎರಡನ್ನೂ ದಿನಾ ಬದುಕುತ್ತೇವೆ. ತಳೇಗಾಂವ ದಾಭಾಡೆಗೆ ಹೊಸದಾಗಿ ಬಂದವರು ಚಾಕಣ ರಸ್ತೆಯಲ್ಲಿ ಬೈಕ್ ಓಡಿಸುವಾಗ, ಎರಡೂ ಪಕ್ಕ ಕಂಟೇನರ್ ಲಾರಿಗಳು ಬಂದರೆ ಜೀವ ಕೈಯಲ್ಲಿ ಹಿಡಿದಿರುತ್ತಾರೆ. ಆರು ತಿಂಗಳಾದರೆ ಅವೇ ಲಾರಿಗಳ ಸಂದಿಯಲ್ಲಿ ಒಂದು ಕೈಯಲ್ಲಿ ಫೋನ್ ಹಿಡಿದು ನುಗ್ಗುತ್ತಾರೆ. ಲಾರಿಯೇನೂ ಚಿಕ್ಕದಾಗಿಲ್ಲ. ನಮ್ಮ ಪ್ರಾಜೆಕ್ಟುಗಳ ಸ್ಟೇಟಸ್ ರಿಪೋರ್ಟೂ ಹೀಗೆಯೇ. ಒಂದು ಸಾಲು ಮೊದಲ ವಾರ ಕೆಂಪಾದರೆ ಎಲ್ಲರೂ ಓಡಿ ಬರುತ್ತಾರೆ. ಹತ್ತನೇ ವಾರಕ್ಕೂ ಕೆಂಪಾಗಿದ್ದರೆ ಅದು ಬರೀ ಬಣ್ಣ.

ಇನ್ನೊಂದು ಬಗೆಯದಕ್ಕೂ ದೂರ ಹೋಗಬೇಕಿಲ್ಲ. 2022ರ ಡಿಸೆಂಬರಿನಲ್ಲಿ ಗಡಿ ವಿವಾದ ಕಾವೇರಿದಾಗ ಬೆಳಗಾವಿ ಬಳಿಯ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು, ಪುಣೆಯ ಸ್ವಾರ್‌ಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಊರಿನಿಂದ ಅಪ್ಪ ಅಮ್ಮ ಫೋನ್ ಮಾಡಿ, ಹೊರಗೆ ಕನ್ನಡ ಮಾತಾಡಬೇಡಿ ಎಂದರು. ಟೀವಿಯಲ್ಲಿ ಕಂಡ ಮಹಾರಾಷ್ಟ್ರಕ್ಕೆ ಅವರು ಹೆದರಿದ್ದು ಸಹಜ. ನಮಗೆ ಅಷ್ಟು ಹೆದರಿಕೆ ಆಗದಿದ್ದರೆ ಅದಕ್ಕೆ ಕಾರಣ ಎದುರುಮನೆಯ ಕಾಕು. ಮನೆಯ ಕೀಲಿ ಕೊಟ್ಟು ಹೋಗುವಷ್ಟು ಅವರನ್ನು ಬಲ್ಲೆವು. ಅವರ ಮಟ್ಟಿಗೆ ಕರ್ನಾಟಕ ಎಂದರೆ ನಾವು.

ಹಾಗಾಗಿ ಯಾವುದಾದರೂ ಭಯ ಕಡಿಮೆಯಾಗಿದೆ ಅನ್ನಿಸಿದಾಗ, ಧೈರ್ಯ ಬಂತೆಂದು ಬೀಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಅದರ ಬಗ್ಗೆ ಮೊದಲಿಗಿಂತ ಹೆಚ್ಚು ತಿಳಿದಿದ್ದೇನೆಯೇ, ಅಥವಾ ನೋಡುವುದನ್ನೇ ಬಿಟ್ಟಿದ್ದೇನೆಯೇ? ಕಾಕುವಿನ ವಿಷಯದಲ್ಲಿ ಉತ್ತರ ಸುಲಭ. ಚಾಕಣ ರಸ್ತೆಯ ವಿಷಯದಲ್ಲಿ, ನಾಳೆ ಬೆಳಿಗ್ಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುವಾಗ ಸ್ವಲ್ಪ ಹೆದರಿಕೆ ಉಳಿದಿದ್ದರೇ ಒಳ್ಳೆಯದು.