ಲೋಟ ಕೊಟ್ಟವರು ಯಾರು?



"ಹೇಗೂ ಹೊರಗೆ ಕುಡಿಯುತ್ತಾನೆ ಫಾದರ್, ಅದಕ್ಕಿಂತ ನಮ್ಮ ಕಣ್ಣೆದುರಿಗೇ ಒಂದು ಲೋಟ ಕುಡಿಯಲಿ." ಮನೆಭೇಟಿಗೆ ಹೋಗುವ ಗುರುಗಳಿಗೆಲ್ಲ ಪರಿಚಿತವಾದ ಮಾತಿದು. ಹೇಳುವವರು ಕೆಟ್ಟವರಲ್ಲ, ಮಗನ ಮೇಲಿನ ಪ್ರೀತಿಯಿಂದ, ಭಯದಿಂದ ಹೇಳುತ್ತಾರೆ. ಆದ್ದರಿಂದ ಈ ವಾದವನ್ನು ಸುಮ್ಮನೆ ತಳ್ಳಿಹಾಕದೆ ಪರಿಶೀಲಿಸಬೇಕು.

ಮಕ್ಕಳು ಮೊದಲು ಕುಡಿಯುವುದು ಎಲ್ಲಿ? ಬಾರಿನಲ್ಲಿ ಎಂದು ನಾವು ಭಾವಿಸುತ್ತೇವೆ. ಆದರೆ ಬಹಳ ಸಲ ಮೊದಲ ಗುಟುಕು ಸಿಗುವುದು ಮದುವೆಯ ಶಾಮಿಯಾನದ ಹಿಂದೆ, ಊರಹಬ್ಬದ ರಾತ್ರಿ, ಚಿಕ್ಕಪ್ಪನೋ ಸೋದರಮಾವನೋ "ನೀನೂ ಗಂಡಸಾಗೋ" ಎಂದು ನೀಡಿದ ಲೋಟದಲ್ಲಿ. ಆಮೇಲಿನದು ಗೆಳೆಯನ ಮನೆಯಲ್ಲಿ, ಹಿರಿಯರು ಇಲ್ಲದಾಗ. 90 ಮಿಲಿಲೀಟರಿನ ವಿಸ್ಕಿ ಪ್ಯಾಕೆಟ್ ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ಅದರಲ್ಲಿ ಶುದ್ಧ ಮದ್ಯಸಾರವೇ ಸುಮಾರು 30 ಗ್ರಾಂ. ಕ್ರಿಸ್ಮಸ್ ಕೇಕಿನ ಜೊತೆ ಅಜ್ಜಿ ಕೊಡುವ ಒಂದು ಚಮಚ ದ್ರಾಕ್ಷಾರಸಕ್ಕೂ ಇದಕ್ಕೂ ಅಂತರವಿದೆ, ಒಪ್ಪುತ್ತೇನೆ.

ಆಸ್ಟ್ರೇಲಿಯಾದಲ್ಲಿ 1,927 ಮಕ್ಕಳನ್ನು ಆರು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಆ ತಂದೆಯ ವಾದವನ್ನೇ ಪರೀಕ್ಷಿಸಿತು. ಹೆತ್ತವರೇ ಮದ್ಯ ಕೊಟ್ಟರೆ ಮಕ್ಕಳಿಗೆ ರಕ್ಷಣೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಬದಲಿಗೆ ಅಂಥ ಮಕ್ಕಳಲ್ಲಿ ಅತಿಯಾಗಿ ಕುಡಿಯುವುದೂ ಅದರ ಹಾನಿಯೂ ಹೆಚ್ಚಿದ್ದವು. ಹೊರಗಿನವರಿಂದ ಮದ್ಯ ಪಡೆಯುವುದೂ ಹೆಚ್ಚಿತ್ತು. ಆಶ್ಚರ್ಯವೇನಲ್ಲ. "ನಮ್ಮ ಎದುರಿಗೆ ಮಾತ್ರ" ಎಂಬ ಷರತ್ತು ಹೊಸ್ತಿಲಲ್ಲೇ ಉಳಿಯುತ್ತದೆ, ಅನುಮತಿ ಮಾತ್ರ ಮಗನ ಜೊತೆ ಹೊರಗೆ ಹೋಗುತ್ತದೆ.

ಸಂತ ತೋಮಸ್ ಅಕ್ವಿನಾಸರು ಕುಡಿತದ ಪಾಪವನ್ನು ವಿಚಾರಿಸುವಾಗ ಕುಡಿದವನಲ್ಲಿಗೇ ನಿಲ್ಲುವುದಿಲ್ಲ, ಕುಡಿಯಲು ಕರೆದವನನ್ನೂ ವಿಚಾರಿಸುತ್ತಾರೆ. ಎದುರಿಗಿರುವವನಿಗೆ ಅಮಲೇರುತ್ತದೆಂದು ಅರಿಯದೆ ಕೊಟ್ಟಿದ್ದರೆ ಅವನಿಗೆ ಕ್ಷಮೆಯುಂಟು. ಅರಿತೂ ಕೊಟ್ಟಿದ್ದರೆ ಇಲ್ಲ. ಹದಿನಾಲ್ಕರ ಹುಡುಗನ ವಿಷಯದಲ್ಲಿ "ನನಗೆ ಗೊತ್ತಿರಲಿಲ್ಲ" ಎಂದು ಯಾವ ಮಾವ ಹೇಳಬಲ್ಲ? ದೇಶದ ಕಾನೂನೂ ಕೊಟ್ಟವನನ್ನೇ ಹಿಡಿಯುತ್ತದೆ: 2015ರ ಬಾಲನ್ಯಾಯ ಕಾಯಿದೆಯ 77ನೇ ಸೆಕ್ಷನ್ ಪ್ರಕಾರ, ವೈದ್ಯರ ಆದೇಶವಿಲ್ಲದೆ ಮಗುವಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷದವರೆಗೆ ಸೆರೆವಾಸ.

ಕಾನಾ ಊರಿನ ಮದುವೆಯನ್ನು ಎತ್ತಿ ತೋರಿಸುವವರಿದ್ದಾರೆ. ಸರಿಯೇ. ಧರ್ಮಸಭೆ ದ್ರಾಕ್ಷಾರಸವನ್ನು ಕೆಟ್ಟದ್ದೆಂದು ಹೇಳಿಲ್ಲ, ಬಲಿಪೀಠದ ಮೇಲೆಯೇ ಇಡುತ್ತೇವೆ. ಆದರೆ ಲಾರಿಯೂ ಒಳ್ಳೆಯ ವಸ್ತುವೇ, ಸೈಕಲ್ ಕಲಿಯುವವನ ಕೈಗೆ ಅದರ ಕೀ ಕೊಡುತ್ತೇವೆಯೆ?

ಒಂದು ತೊಡಕು ಉಳಿಯುತ್ತದೆ. ಕಟ್ಟುನಿಟ್ಟಿನ ಮನೆಯ ಹುಡುಗ ಎಲ್ಲೋ ಕುಡಿದುಬಿಟ್ಟರೆ, ಬೈಕ್ ಹತ್ತುವ ಮುಂಚೆ ಅಪ್ಪನಿಗೆ ಫೋನ್ ಮಾಡುವನೇ, ಏಟಿಗೆ ಹೆದರಿ ಹಾಗೇ ಹೊರಡುವನೇ? ಹೆದರಿಕೆಯೊಂದನ್ನೇ ಕಲಿಸಿದ್ದರೆ ಅವನು ಹೊರಟೇಬಿಡುತ್ತಾನೆ. ಆದ್ದರಿಂದ ಬೇಡವೆನ್ನುವ ತಂದೆ ಇನ್ನೊಂದನ್ನೂ ಮೊದಲೇ ಹೇಳಿಟ್ಟಿರಬೇಕು: "ಎಷ್ಟು ಹೊತ್ತಾದರೂ ಫೋನ್ ಮಾಡು ಮಗಾ, ನಾನೇ ಬಂದು ಕರೆದುಕೊಂಡು ಬರುತ್ತೇನೆ. ಮಿಕ್ಕ ಮಾತು ಬೆಳಿಗ್ಗೆ ಆಡೋಣ."