ಬೆಕ್ಕಿನ ಅಪರಾಧವೂ ಗೃಹಸ್ಥನ ಧರ್ಮವೂ

ಸಾಕಿದ ಬೆಕ್ಕು ಹಾಸಿಗೆಯ ಮೇಲೋ ಬಟ್ಟೆಯ ರಾಶಿಯಲ್ಲೋ ಮೂತ್ರವಿಸರ್ಜನೆ ಮಾಡಿದಾಗ ಮನೆಯವರ ಬಾಯಿಂದ ಮೊದಲು ಹೊರಡುವ ಮಾತು “ಇದಕ್ಕೆಷ್ಟು ಕೊಬ್ಬು!” ಎಂಬುದು. ಆ ಮಾತಿನೊಡನೆ ವಿಚಾರಣೆ ಮುಗಿದಂತೆಯೇ. ಕೂಡಲೇ ಪೆಟ್ಟು ಬೀಳುತ್ತದೆ; ಕೆಲವರು ಅದರ ಮೂತಿಯನ್ನು ಒದ್ದೆಯಾದ ಜಾಗಕ್ಕೆ ಉಜ್ಜುವುದೂ ಉಂಟು. ನಾಲ್ಕು ದಿನ ಕಳೆದರೂ ನಾತ ಹೋಗದಿದ್ದರೆ, ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆಗೋ ಪೇಟೆಯ ಹಿಂದಕ್ಕೋ ಒಯ್ದು ಬಿಟ್ಟುಬರುತ್ತಾರೆ. ಆರೋಪ, ತೀರ್ಪು, ದಂಡನೆ, ಗಡೀಪಾರು ಎಲ್ಲವೂ ಕ್ರಮವಾಗಿ ನಡೆದುಹೋಗುತ್ತವೆ. ಆರೋಪಿಯ ಪಕ್ಷವನ್ನು ಕೇಳುವವರು ಮಾತ್ರ ಯಾರೂ ಇಲ್ಲ. ವಿಷಯವು ಮೇಲುನೋಟಕ್ಕೆ ಹೇಸಿಗೆಯದಾಗಿ ಕಂಡರೂ ಅದರೊಳಗಿನ ಪ್ರಶ್ನೆಯು ಕ್ಷುಲ್ಲಕವಲ್ಲ. ತನ್ನ ಅಧೀನದಲ್ಲಿರುವ ಮೂಕಪ್ರಾಣಿಯ ತಪ್ಪಿಗೆ ಹೊಣೆ ಯಾರು?

ತಪ್ಪೆನ್ನಿಸಿಕೊಳ್ಳಬೇಕಾದರೆ, ಮಾಡಿದವನಿಗೆ ಅದು ತಪ್ಪೆಂಬ ಅರಿವಿರಬೇಕು. ಬೇರೆ ದಾರಿಯೂ ಇರಬೇಕು. ಬೆಕ್ಕಿಗೆ ಇವೆರಡೂ ಇಲ್ಲ. ಅದರ ಪೂರ್ವಜರು ಪಶ್ಚಿಮ ಏಷ್ಯ, ಉತ್ತರ ಆಫ್ರಿಕಗಳ ಒಣನಾಡುಗಳಲ್ಲಿ ಬಾಳಿದ ಕಾಡುಬೆಕ್ಕುಗಳು. ನೀರು ವಿರಳವಾದ ಆ ನೆಲದಲ್ಲಿ ಬದುಕಬೇಕಾದುದರಿಂದ ಅವುಗಳ ಮೂತ್ರಪಿಂಡವು ನೀರನ್ನು ಉಳಿಸಿಕೊಂಡು ಮೂತ್ರವನ್ನು ಬಹಳ ಗಟ್ಟಿಯಾಗಿ ಹೊರಬಿಡುವುದನ್ನು ಕಲಿಯಿತು. ಅದರಲ್ಲಿ ಫೆಲಿನೈನ್ ಎಂಬ ಗಂಧಕಯುಕ್ತ ವಸ್ತುವೊಂದಿದೆ. ಅದು ಒಡೆದಾಗ ಹುಟ್ಟುವ ವಾಸನೆಯೇ ಬೆಕ್ಕಿನ ಮೂತ್ರದ ವಿಶಿಷ್ಟವಾದ ನಾತ. ಸಂತಾನಹರಣ ಚಿಕಿತ್ಸೆಯಾಗದ ಗಂಡುಬೆಕ್ಕಿನಲ್ಲಿ ಇದು ಅತ್ಯಧಿಕ. ಅದು ಗೋಡೆಗೆ ಸಿಂಪಡಿಸುವುದು ಮನೆಯವರನ್ನು ಅವಮಾನಿಸುವುದಕ್ಕಲ್ಲ. ತನ್ನ ಎಲ್ಲೆಯನ್ನು ತನ್ನ ಜಾತಿಗೆ ಸಾರುವುದಕ್ಕೆ.

ಹಿತ್ತಲಿದ್ದ ಮನೆಗಳಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಒಲೆಯ ಬೂದಿಯ ಗುಡ್ಡೆ, ಬಾಳೆಯ ಬುಡದ ಸಡಿಲ ಮಣ್ಣು ಇವು ಬೆಕ್ಕಿಗೆ ಸಾಕಾಗಿದ್ದುವು. ಕೆದಕುವುದು, ಕುಳಿತುಕೊಳ್ಳುವುದು, ಮುಚ್ಚುವುದು ಎಂಬ ಅದರ ಶೌಚವಿಧಿಯು ಯಾರ ಕಣ್ಣಿಗೂ ಬೀಳದೆ ನಡೆಯುತ್ತಿತ್ತು. ಬೇಸಾಯದ ಮನೆಯಿಂದ ನಗರದ ಮಹಡಿಗೆ ಬಂದ ಮನುಷ್ಯನು ಬೆಕ್ಕನ್ನು ತಂದನು, ನೆಲವನ್ನು ತರಲಿಲ್ಲ. ೧೯೪೭ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದ ಎಡ್ವರ್ಡ್ ಲೋ ಎಂಬಾತನು, ಬೆಕ್ಕಿನ ಪೆಟ್ಟಿಗೆಗೆ ಬೂದಿ ಹಾಕಿ ಬೇಸತ್ತಿದ್ದ ನೆರೆಯಾಕೆಗೆ, ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆಯನ್ನು ಹೀರಿಸಲು ಬಳಸುವ ಜೇಡಿಮಣ್ಣಿನ ಹರಳನ್ನು ಕೊಟ್ಟನು. ಇಂದು ಅಂಗಡಿಗಳಲ್ಲಿ ಮಾರುವ ಬೆಕ್ಕಿನ ಮರಳಿನ ವ್ಯಾಪಾರಕ್ಕೆ ಅದೇ ಮೊದಲು. ಆ ತಟ್ಟೆಯು ಕಳೆದುಹೋದ ಹಿತ್ತಲಿನ ಪ್ರತಿನಿಧಿಯಲ್ಲದೆ ಬೇರೇನೂ ಅಲ್ಲ. ಬಾಗಿಲನ್ನು ಮುಚ್ಚಿದವನು ಭೂಮಿಯ ಕೆಲಸವನ್ನು ತಾನು ವಹಿಸಿಕೊಳ್ಳಬೇಕು. ಇದು ದಯೆಯಲ್ಲ, ಋಣ.

ಆ ಋಣವನ್ನು ತೀರಿಸುವ ಬಗೆ ಕಷ್ಟವಾದುದೂ ಅಲ್ಲ. ಬೆಕ್ಕು ಮೈತಿರುಗಿಸುವಷ್ಟು ತಟ್ಟೆ ಅಗಲವಾಗಿರಬೇಕು. ಉಣ್ಣುವ ಸ್ಥಳದಿಂದಲೂ ಗದ್ದಲದಿಂದಲೂ ದೂರವಿರಬೇಕು. ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು ತಟ್ಟೆಯಿರಬೇಕು. ದಿನವೂ ಮಲವನ್ನು ಎತ್ತಿಹಾಕಬೇಕು. ಮೂರು ದಿನದ ಹೊಲಸಿನ ಮೇಲೆ ಕಾಲಿಡಲೊಲ್ಲದ ಬೆಕ್ಕು ಹಾಸಿಗೆಯನ್ನು ಹುಡುಕಿಕೊಂಡರೆ, ಅದು ಶುಚಿತ್ವದ ದೋಷವಲ್ಲ, ಶುಚಿತ್ವದ ಅತಿಶಯ. ಇನ್ನೊಂದು ಸಂಗತಿಯನ್ನು ಮರೆಯತಕ್ಕದ್ದಲ್ಲ. ತಟ್ಟೆಯನ್ನು ಬಿಟ್ಟು ಕಂಡಕಂಡಲ್ಲಿ ತಿಣುಕುವ ಬೆಕ್ಕು ಅನೇಕವೇಳೆ ರೋಗಿಯಾಗಿರುತ್ತದೆ. ಗಂಡುಬೆಕ್ಕಿಗೆ ಮೂತ್ರ ಪೂರ್ತಿ ಕಟ್ಟಿಕೊಂಡರೆ ಎರಡು ಮೂರು ದಿನಗಳಲ್ಲಿ ಪ್ರಾಣವೇ ಹೋಗಬಹುದು. ನೋವನ್ನು ಹೇಳಲಾರದ ಪ್ರಾಣಿಯು ಚಾಪೆಯ ಮೇಲೆ ಬರೆದ ದೂರನ್ನು ಓದದೆ ಕೋಲೆತ್ತಿಕೊಳ್ಳುವುದು ಎಂತಹ ನ್ಯಾಯ?

ನಾತವನ್ನು ಕಳೆಯುವ ಪ್ರಯತ್ನದಲ್ಲಿಯೂ ಮನುಷ್ಯಸ್ವಭಾವವೇ ಕಾಣುತ್ತದೆ. ಜನರು ಫಿನಾಯಿಲ್ ಸುರಿಯುತ್ತಾರೆ, ಅಗರಬತ್ತಿ ಹಚ್ಚುತ್ತಾರೆ. ಒಂದು ವಾಸನೆಯ ಮೇಲೆ ಇನ್ನೊಂದು ವಾಸನೆ ಕುಳಿತುಕೊಳ್ಳುತ್ತದೆ; ಕೆಳಗಿನದು ಹಾಗೆಯೇ ಉಳಿಯುತ್ತದೆ; ಬೆಕ್ಕಿನ ಮೂಗು ಅದನ್ನು ಗುರುತಿಸಿ ಮತ್ತೆ ಅಲ್ಲಿಗೇ ಬರುತ್ತದೆ. ಅಷ್ಟೇ ಅಲ್ಲ, ಫೀನಾಲ್ ಜಾತಿಯ ದ್ರವ್ಯಗಳನ್ನು ಜೀರ್ಣಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದಾದುದರಿಂದ ಅವು ಅದಕ್ಕೆ ವಿಷ. ಮೊದಲು ಒತ್ತಿ ಹೀರಿಸಿ, ಮೂತ್ರದ ಅಂಶಗಳನ್ನೇ ಒಡೆಯುವ ಕಿಣ್ವಗಳುಳ್ಳ ದ್ರವವನ್ನು ಹಾಕಿ ಸಾವಕಾಶವಾಗಿ ಒಣಗಲು ಬಿಡುವುದೇ ಸರಿಯಾದ ಕ್ರಮ. ಮುಚ್ಚುವುದು ಬೇರೆ, ತೊಳೆಯುವುದು ಬೇರೆ.

ಇಲ್ಲಿ ಎದುರುವಾದವೊಂದು ಏಳುವುದು ಸಹಜ. ಮನೆ ಮನುಷ್ಯರದು, ಅಲ್ಲಿ ವೃದ್ಧರಿದ್ದಾರೆ, ಮಡಿಯುಳ್ಳವರಿದ್ದಾರೆ, ನಾತಕ್ಕೆ ಮೂಗು ಮುಚ್ಚಿಕೊಳ್ಳುವುದು ಪಾಪವೇ? ಎಂದಿಗೂ ಅಲ್ಲ. ಈ ಮಾತಿನಲ್ಲಿ ಸತ್ಯವಿದೆ. ಅಷ್ಟೇ ಅಲ್ಲ, ಅದನ್ನು ಇನ್ನೂ ಮುಂದಕ್ಕೆ ಒಯ್ಯಬೇಕಾಗಿದೆ. ಮರಿಯನ್ನು ಎದೆಗವಚಿಕೊಂಡು ತರುವವನು ಮಗ. ತಟ್ಟೆಯನ್ನು ತೊಳೆಯುವವಳು ತಾಯಿ, ಹೆಂಡತಿ, ಇಲ್ಲವೆ ಮನೆಗೆಲಸದಾಕೆ. ಬೆಕ್ಕಿನ ಮಲದಿಂದ ಹರಡಬಹುದಾದ ಸೋಂಕು ಹೊಟ್ಟೆಯಲ್ಲಿರುವ ಶಿಶುವಿಗೆ ಅಪಾಯಕರವಾದುದರಿಂದ ಗರ್ಭಿಣಿಯರು ಆ ಕೆಲಸದಿಂದ ದೂರವಿರಬೇಕೆಂದು ವೈದ್ಯರು ವಿಧಿಸುತ್ತಾರೆ. ಆದರೂ ಎಷ್ಟು ಮನೆಗಳಲ್ಲಿ ಗಂಡಸಿನ ಕೈ ಆ ತಟ್ಟೆಯನ್ನು ಮುಟ್ಟುತ್ತದೆ? ಕರುಣೆ ಒಬ್ಬನದು, ಕೊಳೆಯಾಗುವ ಕೈ ಇನ್ನೊಬ್ಬಳದು ಎಂಬಲ್ಲಿ ಕರುಣೆಯೆಂಬುದು ಬರಿಯ ವಿನೋದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂದು ಗಾದೆ ಹಂಗಿಸುತ್ತದೆ. ಇಲ್ಲಿ ಕಣ್ಣು ಮುಚ್ಚಿಕೊಂಡವನು ಬೆಕ್ಕಿನ ಯಜಮಾನ.

ಸಾಧ್ಯವಾದುದೆಲ್ಲವನ್ನೂ ಮಾಡಿದ ಮೇಲೂ ಒಂದು ಮನೆಗೆ ಬೆಕ್ಕು ಒಗ್ಗದಿರಬಹುದು. ಆಗ ಅದನ್ನು ಬಲ್ಲವರ ಕೈಗೆ, ಇರುವ ದೋಷವನ್ನು ಮರೆಮಾಚದೆ ತಿಳಿಸಿ, ಒಪ್ಪಿಸುವುದರಲ್ಲಿ ಅಧರ್ಮವಿಲ್ಲ. ಗೋಣಿಚೀಲದ ದಾರಿ ಮಾತ್ರ ಧರ್ಮವೂ ಅಲ್ಲ, ನ್ಯಾಯವೂ ಅಲ್ಲ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದುಬಿಡುವುದು ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಶಾಸನದ ಪ್ರಕಾರ ಅಪರಾಧ. ಮಡಿಲಲ್ಲಿ ಗುರುಗುಟ್ಟುವ ಬೆಕ್ಕನ್ನು ಯಾರು ಬೇಕಾದರೂ ಪ್ರೀತಿಸಬಲ್ಲರು. ಬೆಳಗ್ಗೆ ಎದ್ದು ಅದರ ತಟ್ಟೆಯನ್ನು ತಾನೇ ತೊಳೆದವನಿಗೆ ಆ ಪ್ರೀತಿಯ ಹೆಸರೆತ್ತುವ ಅಧಿಕಾರವುಂಟು.