ಹೊರಬಂದ ನೀರು

ಇಂಧನ ಕೋಶದ ಮಾತು ಬಂದಾಗಲೆಲ್ಲ ನಾವು ಖುಷಿಯಿಂದ ಹೇಳುವುದು ಒಂದೇ: ಹೊಗೆಯಿಲ್ಲ, ಹೊರಗೆ ಬರುವುದು ಬರೀ ನೀರು. ಆ ನೀರಿಗೂ ಏನೋ ಹೇಳಲಿಕ್ಕಿದೆ.

1965ರ ಆಗಸ್ಟ್‌ನಲ್ಲಿ ಅಮೆರಿಕದ ಜೆಮಿನಿ 5 ನೌಕೆ ಇಬ್ಬರನ್ನು ಹೊತ್ತು ಎಂಟು ದಿನ ಭೂಮಿಯನ್ನು ಸುತ್ತಿತು. ಅದಕ್ಕೆ ವಿದ್ಯುತ್ ಒದಗಿಸಿದ್ದು ಇಂಧನ ಕೋಶ. ಜಲಜನಕ, ಆಮ್ಲಜನಕ ಕೂಡಿದಾಗ ಕುಡಿಯುವ ನೀರೂ ಸಿಕ್ಕೀತು ಎಂಬ ಆಸೆಯಿತ್ತು. ನೀರೇನೋ ಬಂತು, ಕುಡಿಯುವಂತಿರಲಿಲ್ಲ. ಎರಡು ಅನಿಲಗಳ ನಡುವಿನ ಪಾಲಿಸ್ಟೈರೀನ್ ಪೊರೆಯೇ ಸವೆದು ಅದರಲ್ಲಿ ಬೆರೆತಿತ್ತು.

ಆಮೇಲೆ ಫ್ಲೋರಿನ್ ಸೇರಿದ ಗಟ್ಟಿ ಪೊರೆ, ನೆಫಿಯಾನ್, ಬಂತು. ಅದೂ ಸವೆಯುತ್ತದೆ, ತೀರಾ ನಿಧಾನವಾಗಿ. ಕೋಶದೊಳಗೆ ಚೂರು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಎಲ್ಲಿಂದಲೋ ಸೇರಿಕೊಂಡ ಕಬ್ಬಿಣದ ಅಂಶ ಅದನ್ನು ಒಡೆದು ಉಗ್ರ ಕಣಗಳನ್ನಾಗಿಸುತ್ತದೆ. ಅವು ಪೊರೆಯ ಅಣುಸರಪಳಿಯನ್ನು ಕೊಂಡಿ ಕೊಂಡಿಯಾಗಿ ಕಡಿಯುತ್ತವೆ. ಕಳಚಿಕೊಂಡ ಫ್ಲೋರೈಡ್ ನೀರಿನೊಂದಿಗೆ ಹೊರಗೆ ಹರಿಯುತ್ತದೆ. ಅದಕ್ಕೇ ಪ್ರಯೋಗಾಲಯದಲ್ಲಿ ಆ ಹನಿಗಳನ್ನು ಹಿಡಿದಿಟ್ಟು ಅಳೆಯುತ್ತಾರೆ. ವೋಲ್ಟೇಜ್ ಇನ್ನೂ ನೆಟ್ಟಗಿರುವಾಗಲೇ ಪೊರೆ ತೆಳುವಾಗುತ್ತಿರುವ ಸುದ್ದಿ ನೀರಿನಲ್ಲಿ ಬಂದಿರುತ್ತದೆ.

ಕಾರಿನ ಕೋಶ 8,000 ಗಂಟೆ, ಭಾರೀ ಲಾರಿಯದು 25,000 ಗಂಟೆ ಬಾಳಬೇಕೆಂಬುದು ಅಮೆರಿಕದ ಇಂಧನ ಇಲಾಖೆಯ ಗುರಿ. ಹಗಲೂ ರಾತ್ರಿ ಓಡಿಸಿದರೂ ಲಾರಿಯ ಲೆಕ್ಕ ಮುಗಿಯಲು ಹತ್ತಿರ ಹತ್ತಿರ ಮೂರು ವರ್ಷ ಬೇಕು. ಅಷ್ಟು ಕಾಯಲಾಗದೆ ಕೋಶವನ್ನು ಗೋಳಾಡಿಸುತ್ತಾರೆ: 90 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ. 30ರಷ್ಟೇ ತೇವ, 500 ಗಂಟೆ, ಅದೂ ಅನಿಲ ಹರಿಸಿಯೂ ವಿದ್ಯುತ್ ಸೆಳೆಯದೆ. ದುಡಿಸುವುದಕ್ಕಿಂತ ಸುಮ್ಮನೆ ಕೂರಿಸಿದಾಗಲೇ ಪೊರೆಗೆ ಹೆಚ್ಚು ಹಾನಿ. ಬಳಕೆಯಾಗದ ಅನಿಲ ಅದರೊಳಗೆ ನುಸುಳಿ ಆ ಉಗ್ರ ಕಣಗಳನ್ನು ಹೆಚ್ಚಿಸುತ್ತದೆ. ಇಂಥ ಪರೀಕ್ಷೆಗಳಿಂದಲೇ, ಪೊರೆಗೆ ಚಿಟಿಕೆ ಸೀರಿಯಮ್ ಬೆರೆಸಿದರೆ ಅದು ಕಣಗಳ ಉಗ್ರತೆ ತಗ್ಗಿಸುತ್ತದೆಂಬುದು ಖಚಿತವಾಯಿತು. ಆದರೂ ಮೂರು ವಾರದ ಹಿಂಸೆ ಮೂರು ವರ್ಷದ ದಾರಿಗೆ ಸಮವಲ್ಲ. ಧೂಳು, ಚಳಿ, ದಿನಕ್ಕೆ ಹತ್ತು ಸಲ ನಿಂತು ಹೊರಡುವ ಪಾಡು, ಎಲ್ಲ ಒಟ್ಟಿಗೆ ಬರುವುದು ರಸ್ತೆಯಲ್ಲೇ. ಅಲ್ಲಿ ಸವೆದ ಕೋಶವನ್ನು ಬಿಚ್ಚಿ ನೋಡಿದ ಲೆಕ್ಕವನ್ನೇ ನಾನು ಹೆಚ್ಚು ನಂಬುತ್ತೇನೆ.

2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58 ರಾಕೆಟ್‌ನಲ್ಲಿ ಇಸ್ರೋ ತನ್ನ ಇಂಧನ ಕೋಶವನ್ನು ಕಕ್ಷೆಯಲ್ಲಿ ಪರೀಕ್ಷಿಸಿತು. 180 ವಾಟ್ ವಿದ್ಯುತ್ ಹುಟ್ಟಿತು. ಮುಂದೆ ಇಂಥದೇ ಕೋಶ ನಮ್ಮ ಗಗನಯಾತ್ರಿಗಳ ಜೊತೆ ಹೋದರೆ, ಅದರ ನೀರು ಅವರ ಲೋಟಕ್ಕೇ ಬರಬೇಕಾದೀತು.